ಬಾನೆಟ್ಟಿನ ಲಾಂಛನ ಬೇರೆ, ಅಚ್ಚಿನ ಲಾಂಛನ ಬೇರೆ

ಬೈಂದೂರು, ಕುಂದಾಪುರ, ಬ್ರಹ್ಮಾವರದ ಕಡೆ ಹಳೆ ಮನೆ ಕೆಡವಿ ಹೊಸತು ಕಟ್ಟುವಾಗ ಅಟ್ಟದಿಂದ ಟ್ರಂಕುಗಳು ಕೆಳಗಿಳಿಯುತ್ತವೆ. ಜಾತಕ, ಗೇಣಿ ಚೀಟಿ, ಮದುವೆ ಕಾಗದಗಳ ನಡುವೆ ಆಗೊಮ್ಮೆ ಈಗೊಮ್ಮೆ ಕಾರಿನ ಕಾಗದವೂ ಸಿಗುತ್ತದೆ. ಬೊಂಬಾಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಕಾರು ತಂದವರಿದ್ದರು. ಊರೂರು ಸುತ್ತುವ ಡಾಕ್ಟರರಿದ್ದರು, ಹಂಚಿನ ಕಾರ್ಖಾನೆಯವರಿದ್ದರು, ಬಾಡಿಗೆ ಕಾರು ಇಟ್ಟು ಕೊಲ್ಲೂರಿಗೆ ಯಾತ್ರಿಕರನ್ನು ಕರೆದೊಯ್ಯುತ್ತಿದ್ದವರಿದ್ದರು. ಕಾರು ಎಂದೋ ಗುಜರಿಗೆ ಹೋಗಿರುತ್ತದೆ. ಅದರ ಜೊತೆ ಬಂದ ಕೈಪಿಡಿ, ಡೀಲರು ಕೊಟ್ಟ ಮಡಿಕೆ ಹಾಳೆ, ಬೆಲೆಪಟ್ಟಿ, ಕ್ಯಾಲೆಂಡರು, ಪತ್ರಿಕೆಯಿಂದ ಕತ್ತರಿಸಿಟ್ಟ ಜಾಹೀರಾತು ಮಾತ್ರ ಉಳಿದಿರುತ್ತವೆ.

ಅಂಥ ಕಾಗದ ಕೈಗೆ ಬಂದಾಗ ಎಲ್ಲರೂ ಕೇಳುವುದು ಒಂದೇ: "ಇದ್ ಯಾವ್ ವರ್ಷದ್ದ್ ಮಾರಾಯ್ರೆ?" ಉತ್ತರ ಹುಡುಕಲು ಎಲ್ಲರೂ ಮೊದಲು ನೋಡುವುದು ಕಂಪೆನಿಯ ಲಾಂಛನವನ್ನು. ಮೊಬೈಲಿನಲ್ಲಿ 'ಲಾಂಛನದ ಇತಿಹಾಸ' ಎಂಬ ಚಿತ್ರಪಟ್ಟಿ ತೆರೆದು, ಕಾಗದದ ಮೇಲಿನ ಗುರುತಿಗೆ ಹೋಲುವುದನ್ನು ಆರಿಸಿ, ಅದರ ಕೆಳಗಿನ ಇಸವಿಯನ್ನು ಒಪ್ಪಿಕೊಂಡುಬಿಡುತ್ತಾರೆ. ಹಳೆ ಕಾಗದಗಳ ವಿಷಯದಲ್ಲಿ ಅತಿ ಹೆಚ್ಚು ತಪ್ಪು ನಡೆಯುವ ಜಾಗ ಇದೇ. ಲಾಂಛನ ಹುಟ್ಟಿದ ವರ್ಷ ತಿಳಿದರೆ ಕಾಗದ ಅದಕ್ಕಿಂತ ಹಿಂದಿನದಲ್ಲ ಎಂದು ಹೇಳಬಹುದು. ಅದು ಯಾವಾಗಿನವರೆಗೆ ಅಚ್ಚಾಗುತ್ತಿತ್ತು ಎಂಬುದನ್ನು ಲಾಂಛನ ಹೇಳಲಾರದು. ಅದಕ್ಕೆ ಕಾಗದದಲ್ಲಿರುವ ಬೇರೆ ಗುರುತುಗಳನ್ನು ಓದಬೇಕು. ನಮ್ಮ ಜಿಲ್ಲೆಯ ಕಾಗದಗಳಲ್ಲಿ ಅಂಥ ಗುರುತುಗಳು ಧಾರಾಳವಾಗಿವೆ.

ನಮ್ಮ ಕಡೆ ಹೆಚ್ಚಾಗಿ ಓಡಿದ್ದು ಅಂಬಾಸಿಡರ್ ಮತ್ತು ಫಿಯೆಟ್. ಲಾಂಛನದ ಮಾತಿಗೆ ಫಿಯೆಟ್ ಒಳ್ಳೆಯ ಉದಾಹರಣೆ, ಏಕೆಂದರೆ ಅಷ್ಟು ಸಲ ರೂಪ ಬದಲಿಸಿದ ಗುರುತು ಕಾರು ಲೋಕದಲ್ಲಿ ಹೆಚ್ಚಿಲ್ಲ.

ಫಿಯೆಟ್ ಕಂಪೆನಿ ಇಟಲಿಯ ಟ್ಯೂರಿನ್‌ನಲ್ಲಿ ಹುಟ್ಟಿದ್ದು 1899ರ ಜುಲೈಯಲ್ಲಿ. ಅದರ ಮೊದಲ ಗುರುತು ಮೂಡಿದ್ದೇ ಜಾಹೀರಾತಿನ ಕಾಗದದ ಮೇಲೆ. ಜೊವಾನಿ ಕಾರ್ಪನೆಟ್ಟೊ ಎಂಬ ಚಿತ್ರಕಾರ ಬರೆದ ಪೋಸ್ಟರಿನಲ್ಲಿ ಸುರುಳಿ ಬಿಚ್ಚಿದ ಹಳೆ ಚರ್ಮಪತ್ರದಂಥ ಆಕಾರವಿತ್ತು. ಅದರೊಳಗೆ ಕಂಪೆನಿಯ ಪೂರ್ಣ ಹೆಸರು. ನಂತರ ಹೆಸರು ನಾಲ್ಕು ಅಕ್ಷರಕ್ಕೆ ಇಳಿಯಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ನೀಲಿ ಹಿನ್ನೆಲೆಯ ಫಲಕ, ಆಮೇಲೆ ಅಂಡಾಕಾರ. 1920ರ ದಶಕದಲ್ಲಿ ರೇಸುಗಳ ಗೆಲುವನ್ನು ಸಾರುವ ಹಸಿರೆಲೆಯ ಮಾಲೆ ಸುತ್ತಿದ ವೃತ್ತ. 1930ರ ದಶಕದಿಂದ ಕೆಂಪು ಚೌಕಟ್ಟು ಮತ್ತು ಗುರಾಣಿಯಂಥ ಆಕಾರಗಳು. 1968ರಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಓರೆ ಚೌಕ ಇರುವ ನಾಲ್ಕು ತುಂಡಿನ ಗುರುತು. 1980ರ ದಶಕದ ಆರಂಭದಲ್ಲಿ ಅಕ್ಷರಗಳೇ ಇಲ್ಲದ ಐದು ಓರೆ ಪಟ್ಟಿಗಳು. 1999ರಲ್ಲಿ ನೂರು ವರ್ಷ ತುಂಬಿದಾಗ ಎಲೆಮಾಲೆಯ ವೃತ್ತ ಮತ್ತೆ ಬಂತು, ಈ ಸಲ ನೀಲಿ ಬಣ್ಣದಲ್ಲಿ. 2006ರಲ್ಲಿ ಎಲೆಮಾಲೆ ಹೋಗಿ ಗುರುತು ಕೆಂಪಾಯಿತು.

ಇಲ್ಲಿಯೇ ಒಂದು ಎಚ್ಚರ ಬೇಕು. ಎಲೆಮಾಲೆಯ ವೃತ್ತ ಕಂಡ ಕೂಡಲೇ 1920ರ ದಶಕ ಎನ್ನುವಂತಿಲ್ಲ. 1999ರ ನಂತರದ ಕಾಗದದಲ್ಲೂ ಅದರ ಮೊಮ್ಮಗ ಇದೆ. ಹಳೆ ರೂಪವನ್ನು ಮತ್ತೆ ಹೊರತೆಗೆಯುವುದು ಕಂಪೆನಿಗಳಿಗೆ ಪ್ರಿಯವಾದ ಕೆಲಸ. ಮೈಸೂರಿನ ಜಾವಾ ಬೈಕಿನ ಹೆಸರು 2018ರಲ್ಲಿ, ಯೆಜ್ದಿಯ ಹೆಸರು 2022ರಲ್ಲಿ ಹೊಸ ಕಂಪೆನಿಯ ಮೂಲಕ ಮಾರುಕಟ್ಟೆಗೆ ಮರಳಿದಾಗಲೂ ಹಳೆಯ ನೋಟವನ್ನೇ ಮುಂದಿಟ್ಟಿದ್ದರು.

ಲಾಂಛನ ಪತ್ರಿಕೆಯ ಪುಟದಿಂದಲೇ ಎದ್ದುಬಂದಿರಬಹುದಾದ ಉದಾಹರಣೆಯೂ ಇದೆ. ಷೆವರ್ಲೆಯ ಬೋ ಟೈ ಗುರುತನ್ನು ಪ್ಯಾರಿಸಿನ ಹೋಟೆಲಿನ ಗೋಡೆಕಾಗದದಲ್ಲಿ ಕಂಡೆ ಎಂದು ಸ್ಥಾಪಕ ವಿಲಿಯಂ ಡ್ಯೂರಂಟ್ ಹೇಳುತ್ತಿದ್ದ. ಅಲ್ಲ, ರಜೆಯಲ್ಲಿದ್ದಾಗ ಪತ್ರಿಕೆಯೊಂದರ ಜಾಹೀರಾತಿನಲ್ಲಿ ಅದನ್ನು ಕಂಡದ್ದು ಎಂದು ಅವನ ಹೆಂಡತಿ. 1911ರ ಅಮೆರಿಕದ ಪತ್ರಿಕೆಯಲ್ಲಿ ಕೋಲೆಟ್ಸ್ ಎಂಬ ಕಲ್ಲಿದ್ದಲಿನ ಜಾಹೀರಾತಿಗೆ ಅದೇ ಬಗೆಯ ಆಕಾರ ಇದ್ದದ್ದು ಆಮೇಲೆ ಸಿಕ್ಕಿತು. 1913ರಲ್ಲಿ ಷೆವರ್ಲೆ ತನ್ನ ಗುರುತನ್ನು ಲೋಕಕ್ಕೆ ತೋರಿಸಿದ್ದೂ ಪತ್ರಿಕಾ ಜಾಹೀರಾತಿನಲ್ಲಿಯೇ. 1928ರಲ್ಲಿ ಜನರಲ್ ಮೋಟರ್ಸ್ ಬೊಂಬಾಯಿಯಲ್ಲಿ ಜೋಡಣೆ ಶುರು ಮಾಡಿದ ಮೇಲೆ ಆ ಗುರುತು ನಮ್ಮ ದೇಶದ ಕಾಗದಗಳಲ್ಲೂ ಕಾಣಿಸಿಕೊಂಡಿತು.

ಕುರ್ಲಾದ ಕಾರು, ಹಲವು ಹೆಸರು

ಭಾರತದಲ್ಲಿ ಫಿಯೆಟ್ ಕಟ್ಟಿದ್ದು ಪ್ರೀಮಿಯರ್ ಆಟೋಮೊಬೈಲ್ಸ್. ವಾಲ್ಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದ ಈ ಕಂಪೆನಿಯ ಕಾರ್ಖಾನೆ ಇದ್ದದ್ದು ಬೊಂಬಾಯಿಯ ಕುರ್ಲಾದಲ್ಲಿ. ಮೊದಲು ಅಮೆರಿಕದ ಕ್ರೈಸ್ಲರ್ ಜೊತೆ ಒಪ್ಪಂದ. 1947ರಿಂದ ಡಾಡ್ಜ್, ಡಿಸೋಟೊ, ಪ್ಲಿಮತ್ ಎಂಬ ಹೆಸರುಗಳಲ್ಲಿ ವಾಹನಗಳು ಹೊರಬಂದವು. ಈ ಮೂರರಲ್ಲಿ ಒಳಗಿನ ಕಾರು ಬಹುತೇಕ ಒಂದೇ. ಡಾಡ್ಜ್‌ಗೆ ಟಗರು, ಡಿಸೋಟೊಗೆ ಸ್ಪೇನಿನ ಅನ್ವೇಷಕನ ಮುಖ, ಪ್ಲಿಮತ್‌ಗೆ ಹಾಯಿಹಡಗು, ಹೀಗೆ ಮುಂದಿನ ಗುರುತು ಮತ್ತು ಗ್ರಿಲ್ ಬೇರೆ. ಆದ್ದರಿಂದ ಆ ಕಾಲದ ಕೈಪಿಡಿಯ ಒಳಪುಟದಲ್ಲಿ ಒಂದು ಹೆಸರಿನ ಕಾರಿನ ಚಿತ್ರ, ಮೇಲ್ಹೊದಿಕೆಯಲ್ಲಿ ಇನ್ನೊಂದರ ಲಾಂಛನ ಸಿಕ್ಕರೆ ಎರಡು ಪುಸ್ತಕ ಸೇರಿಕೊಂಡಿವೆ ಎಂದು ತೀರ್ಮಾನಿಸಬೇಡಿ. ಒಂದೇ ಯಂತ್ರಕ್ಕೆ ಒಂದೇ ಚಿತ್ರ ಸಾಕಲ್ಲ!

1950ರ ದಶಕದ ಆರಂಭದಲ್ಲಿ ಫಿಯೆಟ್ ಜೊತೆ ಕೆಲಸ ಶುರುವಾಯಿತು. ಮೊದಲು ಪುಟ್ಟ ಫಿಯೆಟ್ 500, ನಂತರ 1954ರಿಂದ 1100. 1964ರಲ್ಲಿ 1100 ಡಿಲೈಟ್ ಬಂತು. 1970ರ ದಶಕದ ಆರಂಭದಲ್ಲಿ ಪರವಾನಗಿಯ ಒಪ್ಪಂದ ಮುಗಿದ ಮೇಲೆ ಅದೇ ಕಾರು ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು. 1974ರಿಂದ ಪ್ರೀಮಿಯರ್ ಪದ್ಮಿನಿ. ಶತಮಾನದ ಕೊನೆಯವರೆಗೂ ಅದು ತಯಾರಾಗುತ್ತಿತ್ತು. ಜನ ಮಾತ್ರ ಕೊನೆಯವರೆಗೂ ಅದನ್ನು ಫಿಯೆಟ್ ಎಂದೇ ಕರೆದರು. ಡ್ರೈವರರೂ ಗ್ಯಾರೇಜಿನವರೂ ಬಿಡಿಭಾಗದ ಅಂಗಡಿಯವರೂ ಹಾಗೆಯೇ ಅಂದದ್ದರಿಂದ ಊರಿನ ಪ್ರೆಸ್ಸಿನಲ್ಲಿ ಅಚ್ಚಾದ ಬಿಲ್ಲು, ಕರಪತ್ರಗಳಲ್ಲೂ ಆ ಹೆಸರು ಉಳಿಯಿತು. ಗ್ಯಾರೇಜೊಂದರ ಕರಪತ್ರದಲ್ಲಿ ಫಿಯೆಟ್ ಗುರುತು ಇದೆ ಎಂದ ಮಾತ್ರಕ್ಕೆ ಅದು 1974ಕ್ಕಿಂತ ಹಿಂದಿನದಾಗುವುದಿಲ್ಲ.

ಹಳೆ ಲಾಂಛನ ಕಾಗದದ ಮೇಲೆ ಹೆಚ್ಚು ಕಾಲ ಉಳಿಯಲು ಇನ್ನೊಂದು ಕಾರಣವೂ ಇತ್ತು. ಅದು ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯುವ ಕಾಲ. ಬೆಲೆಯ ಮೇಲೆ ಸರಕಾರದ ನಿಯಂತ್ರಣವಿತ್ತು; ಪ್ರೀಮಿಯರ್ ಆಟೋಮೊಬೈಲ್ಸ್ ಬೆಲೆಯ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದಿತ್ತು. ಗಿರಾಕಿ ಸಾಲಿನಲ್ಲಿ ನಿಂತಿರುವಾಗ ಹೊಸ ಬಣ್ಣದ ಕರಪತ್ರ ಮಾಡಿಸುವ ತುರ್ತು ಯಾರಿಗಿತ್ತು? ಇದ್ದ ಹಾಳೆಗಳಿಗೇ ಹೊಸ ಬೆಲೆಯ ಚೀಟಿ ಅಂಟಿಸಿ, ಮೊಹರು ಹೊಡೆದು ಕೊಟ್ಟರೆ ಮುಗಿಯುತ್ತಿತ್ತು. ಹಳೆ ದಾಸ್ತಾನು ಹಾಗಾಗಿಯೇ ಬಹಳ ದಿನ ನಡೆಯಿತು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಒಂದು ಹಾಳೆಯನ್ನು ಹತ್ತಿರದಿಂದ ನೋಡೋಣ. ನನ್ನ ಬಳಿ 1100 ಡಿಲೈಟ್ ಕಾರಿನ ಒಂದು ಮಡಿಕೆ ಹಾಳೆ ಇದೆ. ಮೂರು ಮಡಿಕೆ, ನುಣುಪು ಕಾಗದ, ಎರಡು ಬಣ್ಣ. ಲಾಂಛನ ಎರಡು ಕಡೆ ಇದೆ: ತಲೆಯಲ್ಲಿ ಗಟ್ಟಿ ಬಣ್ಣದ ಸ್ಪಷ್ಟ ಗುರುತು, ಕಾರಿನ ಚಿತ್ರದಲ್ಲಿ, ಗ್ರಿಲ್ಲಿನ ನಡುವೆ, ಅಕ್ಷರ ಓದಲಾಗದ ಒಂದು ಚುಕ್ಕೆ. ಹಿಂಬದಿಯ ಕೆಳಗೆ ಕಂಪೆನಿ ಬಿಟ್ಟ ಖಾಲಿ ಜಾಗದಲ್ಲಿ ಡೀಲರರ ಹೆಸರು, ವಿಳಾಸವನ್ನು ಬೇರೆ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದ್ದಾರೆ. ಬೆರಳಾಡಿಸಿದರೆ ಅಲ್ಲಿ ಮಾತ್ರ ಕಾಗದ ಕೊಂಚ ಒತ್ತಿರುವುದು ತಿಳಿಯುತ್ತದೆ. ಆ ವಿಳಾಸದ ಕೊನೆಯಲ್ಲಿ 'ಮೈಸೂರು ರಾಜ್ಯ' ಎಂದಿದೆ. ಅದರ ಪಕ್ಕದಲ್ಲಿ ನೇರಳೆ ಶಾಯಿಯ ರಬ್ಬರ್ ಮೊಹರು. ಮೊಹರಿನಲ್ಲಿ 'ಕರ್ನಾಟಕ', ಜೊತೆಗೆ ಆರಂಕಿಯ ಪಿನ್ ಕೋಡ್. ಬೆಲೆಯ ಅಂಕಿಯನ್ನು ಹೊಡೆದು ಮೇಲೆ ಪೆನ್ನಿನಲ್ಲಿ ಬೇರೆ ಬರೆದಿದ್ದಾರೆ.

ಇಷ್ಟರಿಂದ ಏನು ಹೇಳಬಹುದು? ಡಿಲೈಟ್ ಹೆಸರಿರುವುದರಿಂದ 1964ಕ್ಕಿಂತ ಮೊದಲಿನದಲ್ಲ. ಡೀಲರರ ವಿಳಾಸ ಅಚ್ಚಾದದ್ದು, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ 1973ರ ನವೆಂಬರ್ 1ಕ್ಕಿಂತ ಮೊದಲು. ಗಿರಾಕಿಯ ಕೈಗೆ ಹೋದದ್ದು ಆ ದಿನದ ನಂತರ. ಅಂದರೆ ಕಾರಿನ ಹೆಸರು ಬದಲಾಗುತ್ತಿದ್ದ ಹೊತ್ತಿನಲ್ಲೂ ಹಳೆ ಹೆಸರಿನ, ಹಳೆ ಲಾಂಛನದ ಹಾಳೆ ಮೇಜಿನ ಮೇಲಿತ್ತು. ಹಾಳೆಗೆ ಎರಡು ಕಾಲಗಳಿವೆ: ಅಚ್ಚಾದ ಕಾಲ, ಹಂಚಿದ ಕಾಲ. ಲಾಂಛನ ಮೊದಲನೆಯದಕ್ಕಷ್ಟೇ ಸಾಕ್ಷಿ.

ಅಚ್ಚಿನಲ್ಲಿ ಲಾಂಛನ ಏಕೆ ಬದಲಾಗುತ್ತದೆ

ಕಾರಿನ ಮೇಲಿನ ಲಾಂಛನ ಲೋಹ ಮತ್ತು ಎನಾಮೆಲ್‌ನದು. ಅದನ್ನು ಒಂದೇ ಅಚ್ಚಿನಿಂದ ಸಾವಿರಗಟ್ಟಲೆ ತೆಗೆಯುತ್ತಾರೆ. ಕಾಗದದ ಮೇಲಿನದು ಹಾಗಲ್ಲ. ಪ್ರತಿ ಸಲವೂ ಯಾರೋ ಅದನ್ನು ಬರೆಯಬೇಕಿತ್ತು, ಯಾರೋ ಬ್ಲಾಕ್ ಮಾಡಬೇಕಿತ್ತು.

ಆಫ್‌ಸೆಟ್ ಬರುವ ಮೊದಲು ಚಿತ್ರ ಅಚ್ಚಾಗುತ್ತಿದ್ದದ್ದು ಸತುವಿನ ಬ್ಲಾಕಿನಿಂದ. ಗೆರೆಚಿತ್ರವಾದರೆ ಆಮ್ಲದಲ್ಲಿ ಕೊರೆದ ಲೈನ್ ಬ್ಲಾಕ್. ಫೋಟೋ ಆದರೆ ಚುಕ್ಕಿಗಳಾಗಿ ಒಡೆದ ಹಾಫ್‌ಟೋನ್ ಬ್ಲಾಕ್. ಪತ್ರಿಕೆಯ ಒರಟು ಕಾಗದಕ್ಕೆ ಇಂಚಿಗೆ 55ರಿಂದ 85 ಸಾಲು ಚುಕ್ಕಿ ಸಾಕು. ನುಣುಪು ಕಾಗದಕ್ಕೆ 120ರಿಂದ 150. ಎಲೆಮಾಲೆಯಂಥ ಸೂಕ್ಷ್ಮ ಕೆಲಸವನ್ನು ಒರಟು ಕಾಗದದ ಮೇಲೆ ಒತ್ತಿದರೆ ಶಾಯಿ ತುಂಬಿ ಎಲೆಗಳೆಲ್ಲ ಕಪ್ಪಗೆ ಕಲೆಯಾಗುತ್ತವೆ. ಆದ್ದರಿಂದ ಪತ್ರಿಕೆಗೆ ಕಳಿಸುವ ಜಾಹೀರಾತಿನಲ್ಲಿ ಕಲಾವಿದ ಎಲೆಗಳನ್ನು ಬಿಟ್ಟು ವೃತ್ತ ಮತ್ತು ಅಕ್ಷರಗಳನ್ನಷ್ಟೇ ಉಳಿಸಿದರೆ ಆಶ್ಚರ್ಯವಿಲ್ಲ. ಆ ಸರಳ ರೂಪ ಕಂಪೆನಿಯ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅದನ್ನು ಕಂಡು 'ಅಪರೂಪದ ಲಾಂಛನ' ಎಂದು ಸಂಗ್ರಹಕಾರರು ಬೆಲೆ ಏರಿಸುವುದುಂಟು. ಅದು ಕಾಗದದ ಗುಣಕ್ಕೆ ತಕ್ಕಂತೆ ಮಾಡಿಕೊಂಡ ಹೊಂದಾಣಿಕೆ, ಅಷ್ಟೇ.

ಬ್ಲಾಕ್ ಮಾಡಿಸಲು ಖರ್ಚಿತ್ತು. ಒಮ್ಮೆ ಮಾಡಿಸಿದ್ದನ್ನು ಪ್ರೆಸ್ಸಿನವರು ಕಾಗದದಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಕುಂದಾಪುರದಂಥ ಊರಿನ ಟ್ರೆಡಲ್ ಪ್ರೆಸ್ಸಿಗೆ ಜಾತ್ರೆಯ ಸ್ಮರಣ ಸಂಚಿಕೆಯ ಜಾಹೀರಾತು ಬಂದರೆ ಇದ್ದ ಬ್ಲಾಕನ್ನೇ ಹುಡುಕಿ ಕೂರಿಸುತ್ತಿದ್ದರು. ಕಂಪೆನಿ ಗುರುತು ಬದಲಿಸಿ ವರ್ಷಗಳಾಗಿದ್ದರೂ ಹಳೆ ಬ್ಲಾಕ್ ಸವೆಯುವ ತನಕ ಕೆಲಸ ಮಾಡುತ್ತಿತ್ತು. ಇದು ನಮಗೆ ಉಪಕಾರಿಯೂ ಹೌದು. ಅಂಚು ಮುರಿದ, ಗೀರು ಬಿದ್ದ ಬ್ಲಾಕಿನ ದೋಷ ಪ್ರತಿ ಅಚ್ಚಿನಲ್ಲೂ ಬರುತ್ತದೆ. ಎರಡು ಸ್ಮರಣ ಸಂಚಿಕೆಗಳ ಲಾಂಛನದಲ್ಲಿ ಒಂದೇ ಜಾಗದಲ್ಲಿ ಒಂದೇ ಗೀರು ಇದ್ದರೆ ಎರಡೂ ಒಂದೇ ಬ್ಲಾಕಿನವು. ಒಂದಕ್ಕೆ ಇಸವಿ ಗೊತ್ತಿದ್ದು, ಇನ್ನೊಂದರಲ್ಲಿ ಗೀರು ಹೆಚ್ಚಾಗಿದ್ದರೆ ಯಾವುದು ಹಿಂದೆ, ಯಾವುದು ಮುಂದೆ ಎಂದೂ ತಿಳಿಯುತ್ತದೆ.

ಬಣ್ಣವನ್ನು ನಂಬಲೇಬೇಡಿ. ಎರಡು ಬಣ್ಣದ ಕೆಲಸದಲ್ಲಿ ಕಪ್ಪಿನ ಜೊತೆ ಆರಿಸಿದ ಇನ್ನೊಂದು ಬಣ್ಣದಲ್ಲೇ ಲಾಂಛನವೂ ಮೂಡುತ್ತದೆ. ಅದು ಹಸಿರಾಗಿದ್ದರೆ ಲಾಂಛನವೂ ಹಸಿರು. ಅಂಗಡಿಯ ಗೋಡೆಗೆ ಹಚ್ಚಿದ ಪೋಸ್ಟರಾದರೆ ಬಿಸಿಲಿಗೆ ಕೆಂಪು, ಹಳದಿ ಮೊದಲು ಹೋಗಿ ನೀಲಿ, ಕಪ್ಪು ಉಳಿಯುತ್ತವೆ. ನೀಲಿಯಾಗಿ ಕಾಣುವ ಗುರುತು ಒಂದು ಕಾಲಕ್ಕೆ ಬೇರೆ ಬಣ್ಣದ್ದಾಗಿತ್ತೋ ಎಂದು ತಿಳಿಯಲು ಮಡಿಕೆಯ ಒಳಭಾಗ ಅಥವಾ ಚೌಕಟ್ಟಿನ ಅಡಿಯಲ್ಲಿ ಮುಚ್ಚಿದ್ದ ಅಂಚನ್ನು ನೋಡಬೇಕು.

ಇದೆಲ್ಲ ಪರೀಕ್ಷಿಸಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಮೊಳೆ ಜೋಡಿಸಿ ಒತ್ತಿದ ಅಚ್ಚಾದರೆ ಅಕ್ಷರದ ಅಂಚಿನಲ್ಲಿ ಶಾಯಿ ದಪ್ಪಗೆ ಗೆರೆ ಕಟ್ಟಿರುತ್ತದೆ, ಹಿಂಬದಿಯಲ್ಲಿ ಉಬ್ಬು ಸಿಗುತ್ತದೆ. ಆಫ್‌ಸೆಟ್ ಆದರೆ ಅಂಚು ಸಮ, ಕಾಗದ ಸಪಾಟು. ಈಚಿನ ಇಂಕ್‌ಜೆಟ್ ನಕಲಿನಲ್ಲಿ ಚುಕ್ಕಿಗಳಿಗೆ ಸಾಲು ಎಂಬುದೇ ಇರುವುದಿಲ್ಲ, ಚೆಲ್ಲಿದಂತೆ ಹರಡಿರುತ್ತವೆ. 1940ರ ದಶಕದ್ದು ಎಂದು ಯಾರಾದರೂ ಕಾಗದ ಮಾರಲು ಬಂದರೆ ನೋಟು ಪರೀಕ್ಷಿಸುವ ನೇರಳೆ ದೀಪ ಹಿಡಿಯಿರಿ. ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿಸುವುದು ರೂಢಿಗೆ ಬಂದದ್ದು 1950ರ ದಶಕದಿಂದ. ಅಂಥ ಕಾಗದ ದೀಪಕ್ಕೆ ನೀಲಿಯಾಗಿ ಹೊಳೆಯುತ್ತದೆ.

ನಮ್ಮ ಊರಿನ ಗುರುತುಗಳು

ಲಾಂಛನ ಬಿಟ್ಟು ವಿಳಾಸಕ್ಕೆ ಬನ್ನಿ. ಬೈಂದೂರಿನಷ್ಟು ಸಲ ಮೇಲ್ವಿಳಾಸ ಬದಲಾದ ಊರು ಕಾಲ ಗುರುತಿಸುವವರಿಗೆ ವರ. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಅಲ್ಲಿಂದ 1973ರವರೆಗೆ ಮೈಸೂರು ರಾಜ್ಯ. ಆಮೇಲೆ ಕರ್ನಾಟಕ. 1997ರ ಆಗಸ್ಟ್ 25ಕ್ಕೆ ದಕ್ಷಿಣ ಕನ್ನಡದಿಂದ ಉಡುಪಿ ಜಿಲ್ಲೆ ಬೇರೆಯಾಯಿತು. ಬೈಂದೂರು ತಾಲೂಕಾಗಿ ಕೆಲಸ ಶುರು ಮಾಡಿದ್ದು 2018ರಲ್ಲಿ. ಅದರ ಹಿಂದೆ ಕುಂದಾಪುರ ತಾಲೂಕು. ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಬೈಂದೂರಿನ 576214, ಕುಂದಾಪುರದ 576201 ಕಾಗದದ ಮೇಲಿದ್ದರೆ ಅದಕ್ಕಿಂತ ಹಿಂದೆ ಹೋಗುವಂತಿಲ್ಲ. ಹೆಸರು ಬದಲಾದ ಮರುದಿನವೇ ಯಾರೂ ಲೆಟರ್‌ಹೆಡ್ ಎಸೆಯಲಿಲ್ಲ ಎಂಬುದನ್ನೂ ನೆನಪಿಡಿ. 'ಮೈಸೂರು ರಾಜ್ಯ' ಎಂದು ಅಚ್ಚಾದ ಹಾಳೆ ಇನ್ನೂ ಒಂದೆರಡು ವರ್ಷ ಓಡಿರಬಹುದು. ಹೊಸ ಹೆಸರು ಕೊಡುವ ಸಾಕ್ಷಿ ಗಟ್ಟಿ. ಹಳೆ ಹೆಸರಿನದು ಕೊಂಚ ಸಡಿಲ.

ಬೆಲೆಯ ಸಾಲು ಓದಿ. ಆಣೆ, ಪೈ ಇದ್ದರೆ ಬಹುತೇಕ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು. 'ನಯೇ ಪೈಸೆ' ಎಂದಿದ್ದರೆ ಅಲ್ಲಿಂದ 1964ರ ಜೂನ್‌ವರೆಗಿನ ಏಳು ವರ್ಷದ ಕಿಂಡಿ. ಕಾರಿನ ಬಿಡಿಭಾಗಗಳ ಬೆಲೆಪಟ್ಟಿಗಳಲ್ಲಿ ಪೈಸೆಯ ಲೆಕ್ಕ ಇರುವುದರಿಂದ ಇದು ಬಹಳ ಉಪಯೋಗಕ್ಕೆ ಬರುತ್ತದೆ. ವೇಗ, ಮೈಲೇಜು ಯಾವ ಅಳತೆಯಲ್ಲಿದೆ ಎಂದೂ ನೋಡಿ. ಮೆಟ್ರಿಕ್ ಪದ್ಧತಿಯ ಕಾನೂನು 1956ರಲ್ಲಿ ಬಂತು, ಜಾರಿ ಹಂತ ಹಂತವಾಗಿ ಆಯಿತು. ಗ್ಯಾಲನ್ನಿಗೆ ಇಷ್ಟು ಮೈಲಿ ಎಂಬ ಲೆಕ್ಕ ಕಾಗದ ಹಳೆಯದು ಎಂಬುದಕ್ಕೆ ಸೂಚನೆಯಷ್ಟೇ, ಖಾತ್ರಿಯಲ್ಲ.

ಕೈಪಿಡಿಯ ಎಣ್ಣೆಯ ಪುಟವನ್ನು ಜನ ಓದದೆ ಬಿಡುತ್ತಾರೆ. ಯಾವ ಎಂಜಿನ್ ಆಯಿಲ್ ಹಾಕಬೇಕು ಎಂಬ ಶಿಫಾರಸು ಅಲ್ಲಿರುತ್ತದೆ. ಎಸ್ಸೊ ಹೆಸರಿದ್ದರೆ ಅದು ಸರಕಾರದ ವಶವಾದ 1974ರ ಹಿಂದಿನ ಪಠ್ಯ; ಬರ್ಮಾ ಶೆಲ್ ಇದ್ದರೆ 1976ರ ಹಿಂದಿನದು. ರಸ್ತೆ ನಕಾಶೆ ಇದ್ದರೆ ನಮ್ಮ ಹೆದ್ದಾರಿಯ ನಂಬರು ನೋಡಿ. ಈಗಿನ 66 ಆಗ 17 ಆಗಿತ್ತು. ಚಿತ್ರದಲ್ಲಿನ ಕಾರಿಗೆ ನಂಬರ್ ಪ್ಲೇಟ್ ಇದ್ದು ಅದರಲ್ಲಿ 'ಕೆಎ' ಎಂದಿದ್ದರೆ 1989ರ ನಂತರದ್ದು.

ಕೊನೆಯ ಪುಟದ ಅಡಿಯಲ್ಲಿ ಇರುವೆ ಗಾತ್ರದ ಒಂದು ಸಾಲು ಇರುತ್ತದೆ: ಪ್ರೆಸ್ಸಿನ ಹೆಸರು ಮತ್ತು ಊರು. 1867ರ ಮುದ್ರಣ ಕಾಯ್ದೆಯ ಪ್ರಕಾರ ಅಚ್ಚಾದ ಕಾಗದದ ಮೇಲೆ ಮುದ್ರಕರ ಹೆಸರು, ಸ್ಥಳ ಇರಬೇಕಿತ್ತು. ಕೆಲವು ಕಂಪೆನಿಗಳು ಅದರ ಪಕ್ಕದಲ್ಲೇ ತಿಂಗಳು, ವರ್ಷ, ಎಷ್ಟು ಪ್ರತಿ ಎಂಬುದನ್ನು ಸಂಕೇತವಾಗಿ ಹಾಕುತ್ತಿದ್ದವು. ಓರೆ ಗೆರೆಗಳ ನಡುವೆ ನಾಲ್ಕಾರು ಅಂಕಿ ಕಂಡರೆ ಅದನ್ನು ಬರೆದಿಟ್ಟುಕೊಳ್ಳಿ. ಒಂದೇ ಕಂಪೆನಿಯ ಎರಡು ಮೂರು ಹಾಳೆ ಕೂಡಿದರೆ ಸಂಕೇತ ತಾನಾಗಿ ಬಿಡಿಸಿಕೊಳ್ಳುತ್ತದೆ. ಹಾಳೆಗೆ ಚೌಕಟ್ಟು ಹಾಕಿಸುವವರು ಈ ಅಂಚನ್ನೇ ಕತ್ತರಿಸಿಬಿಡುತ್ತಾರೆ. ಇದನ್ನು ಕಂಡಾಗ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ.

ಎಲ್ಲಕ್ಕಿಂತ ಒಳ್ಳೆಯ ಅಳತೆಗೋಲು ದಿನಾಂಕವಿರುವ ಪತ್ರಿಕೆ. 1948ರ ಪ್ರಜಾವಾಣಿ, 1956ರ ಕಸ್ತೂರಿ, 1965ರ ಸುಧಾ, 1970ರ ಜನವರಿ 1ರಂದು ಮಣಿಪಾಲದಿಂದ ಶುರುವಾದ ಉದಯವಾಣಿ, 1983ರ ತರಂಗ: ಇವುಗಳ ಹಳೆ ಸಂಪುಟ ಎಲ್ಲಿ ಸಿಕ್ಕರೂ ವಾಹನಗಳ ಜಾಹೀರಾತು ಇರುವ ಪುಟಗಳ ಫೋಟೊ ತೆಗೆದು, ಸಂಚಿಕೆಯ ದಿನಾಂಕದೊಂದಿಗೆ ಇಟ್ಟುಕೊಳ್ಳಿ. ಹೀಗೆ ಕಟ್ಟಿದ ಪಟ್ಟಿ ಕಂಪೆನಿಯ ಅಧಿಕೃತ ಪಟ್ಟಿಗಿಂತ ನಮಗೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಟ್ಯೂರಿನ್‌ನಲ್ಲಿ ಗುರುತು ಯಾವಾಗ ಬದಲಾಯಿತು ಎಂಬುದಕ್ಕಿಂತ ನಮ್ಮ ಓದುಗರ ಕಣ್ಣಿಗೆ ಅದು ಯಾವಾಗ ಬಿತ್ತು ಎಂಬುದನ್ನು ಅದು ಹೇಳುತ್ತದೆ. ಲೋಹದ ಲಾಂಛನಗಳನ್ನು ಕಣ್ಣಾರೆ ನೋಡಬೇಕಾದರೆ ಧರ್ಮಸ್ಥಳದ ಮಂಜೂಷಾ ವಸ್ತು ಸಂಗ್ರಹಾಲಯದ ಹಳೆ ಕಾರುಗಳ ಸಂಗ್ರಹಕ್ಕೆ ಹೋಗಿ ಬನ್ನಿ.

ಬೈಕಿನ ಕಾಗದ ಸಿಕ್ಕವರಿಗೆ ಒಂದು ಮಾತು. ನಮ್ಮ ರಾಜ್ಯದ್ದೇ ಆದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಬೈಕುಗಳು ತಯಾರಾದವು. ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. ಜೆಕೊಸ್ಲೊವಾಕಿಯಾದ ಮೂಲ ಕಂಪೆನಿಯ ಹೆಸರು ಬಿಟ್ಟು 1973ರಿಂದ ಯೆಜ್ದಿ ಎಂದು ಮಾರಿದರು. 1996ರಲ್ಲಿ ಕಾರ್ಖಾನೆ ನಿಂತಿತು. ಮೊದಮೊದಲ ಯೆಜ್ದಿ ಮೂಲತಃ ಹಳೆ ಜಾವಾನೇ ಆದ್ದರಿಂದ ಆ ಕಾಲದ ಕೈಪಿಡಿಯಲ್ಲಿ ಹೊದಿಕೆಯ ಹೆಸರನ್ನೂ ಒಳಗಿನ ಎಂಜಿನ್ ಚಿತ್ರದ ಮೇಲಿನ ಹೆಸರನ್ನೂ ಬೇರೆ ಬೇರೆಯಾಗಿ ನೋಡಿ, ಎರಡನ್ನೂ ಬರೆದಿಡಿ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನ ಆಚರಿಸುವ ಬಳಗಗಳಿವೆ. ಅಲ್ಲಿ ಸೇರುವ ಹಳಬರಿಗೆ ಈ ವಿವರಗಳು ಬಾಯಿಪಾಠ.

ಮಳೆಗಾಲ ದಾಟಿಸುವುದು

ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ, ನಡುವೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ. ಕಾಗದ ಇಡಲು ಇದಕ್ಕಿಂತ ಕಷ್ಟದ ಜಾಗ ಕಡಿಮೆ. ನಮ್ಮವರು ಪ್ರೀತಿಯಿಂದಲೇ ಮಾಡುವ ಎರಡು ಕೆಲಸ ಕಾಗದವನ್ನು ಕೊಲ್ಲುತ್ತವೆ: ಲ್ಯಾಮಿನೇಷನ್ ಮತ್ತು ಸೆಲ್ಲೊಟೇಪು. ಲ್ಯಾಮಿನೇಷನ್ ಒಮ್ಮೆ ಮಾಡಿದರೆ ಬಿಡಿಸಲು ಬರುವುದಿಲ್ಲ, ಒಳಗಿನ ತೇವ ಅಲ್ಲೇ ಉಳಿಯುತ್ತದೆ. ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಕಂದು ಕಲೆಯಾಗಿ ಲಾಂಛನದ ಮೇಲೇ ಕೂರುತ್ತದೆ. ಹರಿದ ಜಾಗವನ್ನು ಹರಿದಂತೆಯೇ ಬಿಡುವುದು ವಾಸಿ. ಕಬ್ಬಿಣದ ಪಿನ್ನು, ಸ್ಟೇಪಲ್ ತುಕ್ಕು ಹಿಡಿಯುವ ಮೊದಲು ತೆಗೆಯಿರಿ. ಜಾಹೀರಾತಿನ ಪತ್ರಿಕಾ ತುಣುಕನ್ನು ನುಣುಪು ಕಾಗದದ ಹಾಳೆಗೆ ತಾಗಿಸಿ ಇಡಬೇಡಿ. ಪತ್ರಿಕೆ ಕಾಗದದ ಆಮ್ಲ ಪಕ್ಕದ ಹಾಳೆಯನ್ನೂ ಕಂದಾಗಿಸುತ್ತದೆ.

ಬೇಸಿಗೆಯಲ್ಲಿ, ತೇವ ಕಡಿಮೆ ಇರುವ ದಿನ, ನೆರಳಿನಲ್ಲಿ ಹಾಳೆಗಳನ್ನು ಹರವಿ ಗಾಳಿಯಾಡಿಸಿ. ಹಪ್ಪಳ ಒಣಗಿಸಿದಂತೆ ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ. ಮುಂಗಾರಿಗೆ ಮೊದಲು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿಡಿ, ಮಳೆ ನಿಂತ ಮೇಲೆ ತೆರೆಯಿರಿ. ಬಣ್ಣ ಬದಲಿಸುವ ಜಾತಿಯ ಸಿಲಿಕಾ ಜೆಲ್ ತೇವ ಕುಡಿದದ್ದನ್ನು ತಾನೇ ತೋರಿಸುತ್ತದೆ. ಬಿಸಿ ಮಾಡಿದರೆ ಮತ್ತೆ ಉಪಯೋಗಕ್ಕೆ ಬರುತ್ತದೆ. ಡಬ್ಬಿಯನ್ನು ನೆಲದ ಮೇಲೆ, ಹೊರಗೋಡೆಗೆ ತಾಗಿಸಿ ಇಟ್ಟರೆ ಒರಲೆಗೆ ದಾರಿ ಮಾಡಿಕೊಟ್ಟಂತೆ. ನುಸಿಗುಳಿಗೆ ಹಾಕುವುದಾದರೆ ಕಾಗದಕ್ಕೆ ತಾಗದಂತೆ ಬಟ್ಟೆಯಲ್ಲಿ ಕಟ್ಟಿ.

ಫೋಟೊ ತೆಗೆಯುವಾಗ ಕಿಟಕಿಯ ಬೆಳಕು ಸಾಕು, ಫ್ಲ್ಯಾಷ್ ಬೇಡ. ಪಕ್ಕದಲ್ಲಿ ಸ್ಕೇಲ್ ಇಟ್ಟು ಎರಡೂ ಬದಿ, ನಾಲ್ಕೂ ಅಂಚು ಬರುವಂತೆ ತೆಗೆಯಿರಿ. ಸ್ಕ್ಯಾನರ್ ಸಿಕ್ಕರೆ ಪೂರ್ಣ ಹಾಳೆಯನ್ನು 300 ಡಿಪಿಐ, ಲಾಂಛನದ ಜಾಗವನ್ನು 600ರಲ್ಲಿ. ಚುಕ್ಕಿ, ಗೀರು ತಿಳಿಯಲು ಅಷ್ಟು ಬೇಕು. ಕಡತಕ್ಕೆ 'ಫಿಯೆಟ್ 1968' ಎಂದು ಒಂಟಿ ಇಸವಿ ಕೊಡುವ ಬದಲು 'ಅಚ್ಚು 1964 ಮತ್ತು 1973ರ ನಡುವೆ, ಹಂಚಿಕೆ 1973ರ ನಂತರ' ಎಂದು ಎರಡು ತುದಿಗಳನ್ನೂ ಬರೆಯಿರಿ. ಯಾವ ಗುರುತಿನಿಂದ ಆ ತುದಿ ಸಿಕ್ಕಿತು ಎಂಬುದೂ ಪಕ್ಕದಲ್ಲಿರಲಿ. ಹಾಳೆಯ ಹಿಂದೆ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ, ಎಲ್ಲಿ ಸಿಕ್ಕಿತು, ಯಾರ ಮನೆಯ ಟ್ರಂಕಿನದು, ಜೊತೆಯಲ್ಲಿ ಬೇರೆ ಯಾವ ಕಾಗದಗಳಿದ್ದವು ಎಂದು ಬರೆದಿಡಿ. ಕಾರಿನ ಹಾಳೆಯ ಜೊತೆ ಒಂದೇ ಕಟ್ಟಿನಲ್ಲಿದ್ದ ಪೆಟ್ರೋಲಿನ ರಶೀದಿಯಲ್ಲಿ ತಾರೀಖು ಇದ್ದೀತು. ಕಟ್ಟು ಬಿಚ್ಚುವ ಮೊದಲು ಹಾಗೆಯೇ ಒಂದು ಫೋಟೊ ತೆಗೆದುಕೊಳ್ಳಿ.